ಕಣಕ್ಕೆ ಮೊದಲು ಕಾಲಿಟ್ಟವನು

ಗೋಪಾಳ, ಶಿವಮೊಗ್ಗ
೬ ಜುಲೈ ೨೦೨೫

ಮಾನ್ಯ ಸುಬ್ಬಪ್ಪನವರಿಗೆ ನಮಸ್ಕಾರ.

ನಾನು ಶರಾವತಿ, ಕೆಂಚನಕಟ್ಟೆ ಈಶ್ವರಪ್ಪನ ಮಗಳು. ಇಷ್ಟು ಹೇಳಿದರೆ ನಿಮಗೆ ಸಾಕು ಅಂದುಕೊಂಡಿದ್ದೇನೆ. ಎಪ್ಪತ್ತೊಂದನೇ ಇಸವಿಯ ಬಂಗಾಳದ ಯುದ್ಧದಲ್ಲಿ ಅಪ್ಪ ತೀರಿಕೊಂಡಾಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಈಗ ಇಲ್ಲಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಅವ್ವ ದ್ಯಾಮಮ್ಮ ನನ್ನ ಜೊತೆಗೇ ಇದ್ದಾಳೆ. ಎಪ್ಪತ್ಮೂರಾದರೂ ಗಟ್ಟಿ. ಮೊನ್ನೆ ಸೊಪ್ಪು ಮಾರುವವಳ ಜೊತೆ ಅರ್ಧ ಗಂಟೆ ಜಗಳ ಆಡಿ, ಕೊನೆಗೆ ಅವಳನ್ನೇ ಒಳಗೆ ಕರೆದು ಉಪ್ಪಿಟ್ಟು ಕೊಟ್ಟು ಕಳಿಸಿದಳು.

ಮಾಜಿ ಸೈನಿಕರ ಸಂಘದವರು ನಿಮ್ಮ ವಿಳಾಸ ಕೊಟ್ಟರು. "ಫೋನ್ ಮಾಡ್ಬೇಡಿ ಮೇಡಂ, ಅವರಿಗೆ ಕಿವಿ ಕೇಳ್ಸಲ್ಲ. ಮೆಷೀನ್ ಹಾಕ್ಕೊಂಡ್ರೆ ಸೀಟಿ ಹೊಡೆಯುತ್ತೆ ಅಂತ ಕಿತ್ತಿಡ್ತಾರೆ. ಕಾಗದ ಬರೀರಿ" ಅಂದರು. ನೀವು ಭದ್ರಾವತಿಯ ಜನ್ನಾಪುರದಲ್ಲೇ ಇದ್ದೀರಿ ಎಂದು ತಿಳಿದು ಆಶ್ಚರ್ಯವಾಯಿತು. ನಮ್ಮ ಊರಿಗೂ ನಿಮ್ಮ ಮನೆಗೂ ಒಂಬತ್ತು ಕಿಲೋಮೀಟರ್. ನೀವು ಒಮ್ಮೆಯೂ ಬಂದದ್ದು ನೆನಪಿಲ್ಲ.

ವಿಷಯ ಇದು. ಊರ ಬಾಗಿಲಲ್ಲಿ ಅಪ್ಪನ ಸ್ಮಾರಕ ಮಾಡುತ್ತಿದ್ದಾರೆ. ಪಂಚಾಯಿತಿಯ ಮಾಜಿ ಅಧ್ಯಕ್ಷ ಪರಮೇಶ್ ಅದರ ಸಮಿತಿಯ ಮುಂದಾಳು. ಕಲ್ಲಿನ ವಿಗ್ರಹ, ತಲೆಗೆ ಹೆಲ್ಮೆಟ್ಟು, ಕಾಲಿಗೆ ಬೂಟು, ಕೈಯಲ್ಲಿ ಬಂದೂಕು. ಡಿಸೆಂಬರ್ ಹದಿನಾಲ್ಕಕ್ಕೆ, ಅಪ್ಪ ಹೋದ ದಿನವೇ, ಅನಾವರಣ. ಕೆಳಗೆ ಕೆತ್ತಿಸುವ ಮಾತು ನಿಮ್ಮದೇ: "ಬಂಗಾಳದ ಕಾಶಿಡಾಂಗಾ ಗ್ರಾಮದ ವಿಮೋಚನೆಗಾಗಿ ಹೋರಾಡಿ, ಹನ್ನೊಂದು ಶತ್ರುಗಳನ್ನು ಕೊಂದು, ಎದೆಗೆ ಗುಂಡು ತಾಗಿ ವೀರಸ್ವರ್ಗ ಸೇರಿದರು." ಅಪ್ಪ ಹೋದ ವಾರದಲ್ಲಿ ನೀವು ಅವ್ವನಿಗೆ ಬರೆದ ಕಾಗದದ ಸಾಲು ಅದು. ಅವ್ವನಿಗೆ ಓದು ಬರುವುದಿಲ್ಲ. ಅಂದು ಶಾಲೆಯ ಮೇಷ್ಟ್ರು ಕಟ್ಟೆಯ ಮೇಲೆ ನಿಂತು ಓದಿದರಂತೆ. ಇವತ್ತಿಗೂ ಊರಿನಲ್ಲಿ ಅದು ಬಾಯಿಪಾಠ.

ಕಣ್ಣಾರೆ ಕಂಡವರ ಸಹಿ ಬೇಕು ಅಂತ ಸಮಿತಿಯವರು ಒಂದು ಫಾರಂ ಕೊಟ್ಟಿದ್ದಾರೆ. ಜೊತೆಗೆ ಇಟ್ಟಿದ್ದೇನೆ. ದಸರೆ ಕಳೆದ ಮೇಲೆ ಅಕ್ಷರ ಕೆತ್ತಲು ಶುರು ಮಾಡುತ್ತಾರೆ.

ನನ್ನದೂ ಒಂದು ಆಸೆ ಇದೆ. ಅಪ್ಪ ಹೇಗೆ ಸತ್ತ ಅನ್ನುವುದು ಆ ಕಾಗದದಲ್ಲಿ ಇದೆ. ಹೇಗಿದ್ದ ಅನ್ನುವುದು ಇಲ್ಲ. ನಾಲ್ಕು ಸಾಲು ಬರೆದರೆ ಉಪಕಾರ.

ಇತಿ,
ಶರಾವತಿ

*

ಜನ್ನಾಪುರ, ಭದ್ರಾವತಿ
೧೯ ಜುಲೈ ೨೦೨೫

ಚಿ. ಶರಾವತಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಇಲ್ಲಿ ಮಳೆ ಹಿಡಿದುಕೊಂಡಿದೆ. ನನ್ನ ಮೊಣಕಾಲು ಮಳೆಗಿಂತ ಮೊದಲೇ ಹಿಡಿದುಕೊಂಡಿತ್ತು.

ಫಾರಂ ವಾಪಸು ಕಳಿಸಿದ್ದೇನೆ. ಕೈ ನಡುಗುತ್ತದೆ, ಸಹಿ ಸರಿಯಾಗಿ ಬರುವುದಿಲ್ಲ. ಬೇರೆ ಯಾರನ್ನಾದರೂ ಕೇಳಬೇಕು. ಸೈನ್ಯದ ನಮ್ಮ ಕಂಪನಿಯಲ್ಲಿ ನಮ್ಮ ಕಡೆಯವರು ಇನ್ನೂ ಇಬ್ಬರಿದ್ದರು. ಈಗ ಅವರಿದ್ದಾರೋ ಇಲ್ಲವೋ ತಿಳಿಯದು.

ನಿಮ್ಮ ಅಪ್ಪ ನಗುವಾಗ ಸದ್ದು ಬರುತ್ತಿರಲಿಲ್ಲ. ಹೆಗಲು ಮಾತ್ರ ಕುಣಿಯುತ್ತಿತ್ತು. ಅಡುಗೆಯವನು ಅನ್ನ ಬಡಿಸುವಾಗ ಒಂದು ಅಗುಳು ಕೆಳಗೆ ಬಿದ್ದರೆ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾವು ತಮಾಷೆ ಮಾಡುತ್ತಿದ್ದೆವು.

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಬೇಕು.

ಇಂತಿ,
ಸುಬ್ಬಪ್ಪ

*

ಗೋಪಾಳ
೧೦ ಆಗಸ್ಟ್ ೨೦೨೫

ಸುಬ್ಬಪ್ಪನವರೇ, ನಮಸ್ಕಾರ.

ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವಳು ನಾನು. ನಡುಗುವ ಕೈ ಯಾವುದು ಅಂತ ಗೊತ್ತಾಗುತ್ತದೆ. ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ.

ಅದಕ್ಕೇ ಕಳೆದ ಭಾನುವಾರ ನಿಮ್ಮ ಮನೆಗೇ ಬಂದೆ. ನಿಮ್ಮ ಹೆಂಡತಿ ಸಣ್ಣಮ್ಮನವರು ಬಾಗಿಲು ತೆಗೆದರು. ಹೆಸರು ಹೇಳಿದೆ.

"ಅಯ್ಯೋ, ಈಶ್ವರಪ್ಪನ ಮಗಳಾ? ಬಾ ತಾಯಿ, ಕೂತ್ಕೋ. ಇಲ್ಲೇ ಪೇಪರ್ ಓದ್ತಾ ಇದ್ರಲ್ಲ!"

ಕುರ್ಚಿಯ ಮೇಲೆ ನಿಮ್ಮ ಕನ್ನಡಕ ಇತ್ತು. ಲೋಟದಲ್ಲಿ ಕಾಫಿ ಇನ್ನೂ ಹೊಗೆಯಾಡುತ್ತಿತ್ತು. ಹಿತ್ತಿಲ ಬಾಗಿಲು ಹಾರು ಹೊಡೆದಿತ್ತು. ಸಣ್ಣಮ್ಮನವರು ಸೊಂಟಕ್ಕೆ ಕೈ ಕೊಟ್ಟು ನಿಂತು, "ನೋಡಿದ್ಯಾ ಮಾರಾಯ್ತಿ, ಪಾಕಿಸ್ತಾನದೋರಿಗೆ ಹೆದರ್ಲಿಲ್ಲ ಅಂತ ಈ ಮನುಷ್ಯಂಗೆ ಮೆಡಲ್ ಕೊಟ್ಟವ್ರೆ. ಒಬ್ಳು ಟೀಚರಮ್ಮ ಬಂದ್ರೆ ಹಿತ್ಲಿಂದ ಓಡ್ತಾರೆ" ಅಂದರು. ಇಬ್ಬರೂ ನಕ್ಕೆವು.

ಹೊರಡುವಾಗ ಅವರು ನಗಲಿಲ್ಲ. "ಮದುವೆಯಾದ ಲಾಗಾಯ್ತು ನಿದ್ದೆಗಣ್ಣಲ್ಲಿ ಒಂದೇ ಮಾತು ಬಡಬಡಿಸ್ತಾರೆ ಕಣಮ್ಮ. 'ಅಲ್ಲಿ ನೋಡಿಲ್ಲ, ಅಲ್ಲಿ ನೋಡಿಲ್ಲ' ಅಂತ. ಎಲ್ಲಿ ಅಂತ ಕೇಳಿದ್ರೆ ಹೇಳಲ್ಲ. ನಿಂಗಾದ್ರೂ ಹೇಳ್ತಾರೇನೋ ಕೇಳು" ಅಂದರು.

ಕೇಳುತ್ತಿದ್ದೇನೆ. ಕಲ್ಲಿನಲ್ಲಿ ಕೆತ್ತಿದ ಮೇಲೆ ಅಳಿಸಲು ಬರುವುದಿಲ್ಲ. ಆ ಸಾಲುಗಳಲ್ಲಿ ಏನೋ ಸರಿಯಿಲ್ಲದೆ ನೀವು ಸಹಿ ಹಾಕದೆ ಇರಲಾರಿರಿ. ಏನೇ ಇದ್ದರೂ ಬರೆಯಿರಿ.

ಶರಾವತಿ

*

ಜನ್ನಾಪುರ
೨೯ ಆಗಸ್ಟ್ ೨೦೨೫

ಮಗಳೇ ಶರಾವತಿ,

ಹಿತ್ತಿಲಿಂದ ಓಡಿದ್ದು ನಿಜ. ಪಕ್ಕದ ಮನೆಯ ಸೀಬೆ ಗಿಡದ ಕೆಳಗೆ ನಿಂತಿದ್ದೆ. ನೀನು ಗೇಟು ಹಾಕಿಕೊಂಡು ಹೋಗುವುದನ್ನು ಹಿಂದಿನಿಂದ ನೋಡಿದೆ. ನಿನ್ನ ಅಪ್ಪನದೇ, ನಮ್ಮ ಈಶನದೇ ನಡಿಗೆ. ಇನ್ನು ಓಡುವುದಕ್ಕೆ ಹಿತ್ತಿಲು ಉಳಿದಿಲ್ಲ ಅನ್ನಿಸಿತು.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ನಿನ್ನ ಅಪ್ಪ ಯಾರನ್ನೂ ಕೊಲ್ಲಲಿಲ್ಲ. ಆ ಹನ್ನೊಂದು ಜನ ಹುಟ್ಟಿದ್ದೂ ಸತ್ತದ್ದೂ ನನ್ನ ಪೆನ್ನಿನಲ್ಲಿ.

ಈಗ ಕೇಳು. ನಾವು ಸ್ಯಾಪರ್‌ಗಳು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಶತ್ರು ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆಯುವುದು ನಮ್ಮ ಕೆಲಸ. ಈಶ ಹುಡುಗನಾಗಿದ್ದಾಗ ಶರಾವತಿ ಅಣೆಕಟ್ಟಿನಲ್ಲಿ ಬಂಡೆಗೆ ಮದ್ದು ಇಡುವವರ ಜೊತೆ ಇದ್ದವನು. ಹೆಣ್ಣಾದರೆ ಆ ಹೊಳೆಯ ಹೆಸರೇ ಇಡುವುದು ಅನ್ನುತ್ತಿದ್ದ. ನಾನು ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ತಮಿಳು, ತೆಲುಗು ಹುಡುಗರ ನಡುವೆ ಬೆಳೆದವನು. "ಭತ್ತ ಬಿಡೋದು ಗಿಡದಲ್ಲೋ ಮರದಲ್ಲೋ ಹೇಳೋ ಸುಬ್ಬ" ಅಂತ ಅವನು ನನ್ನನ್ನು ರೇಗಿಸದ ದಿನವಿಲ್ಲ.

ಕಾಶಿಡಾಂಗಾ ಬಿಡುಗಡೆಯಾದದ್ದು ಡಿಸೆಂಬರ್ ಎಂಟಕ್ಕೆ. ನಮ್ಮ ಪಡೆ ಬರುವುದು ತಿಳಿದು ಶತ್ರುಗಳು ಊರು ಬಿಟ್ಟರು. ಓಡಿಹೋಗಿದ್ದ ಜನ ಗಡಿಯ ಕ್ಯಾಂಪುಗಳಿಂದ ವಾಪಸು ಬಂದು ರಸ್ತೆಯ ಮೇಲೆ ಕುಣಿದರು. ರಸ್ತೆಯ ಮೇಲೆ ಮಾತ್ರ. ಯಾಕೆಂದರೆ ಬಿಟ್ಟು ಹೋಗುವಾಗ ಅವರು ಗದ್ದೆಯ ಬದುವಿನಲ್ಲಿ, ಕೆರೆಯ ದಾರಿಯಲ್ಲಿ, ತಾವು ಕಂದಕ ತೋಡಿ ಮೋರ್ಚೆ ಮಾಡಿಕೊಂಡಿದ್ದ ಊರ ಕಣದಲ್ಲಿ ಮೈನು ಹೂತಿದ್ದರು. ಮೊದಲ ದಿನವೇ ನೀರಿಗೆ ಹೋದ ಹೆಂಗಸು ಸತ್ತಳು. ಗದ್ದೆಯಲ್ಲಿ ಭತ್ತ ಬಲಿತು ಬಾಗಿತ್ತು. ಕೊಯ್ಯಲು ದಾರಿಯಿಲ್ಲ, ಕೊಯ್ದರೆ ಒಕ್ಕಲು ಕಣವಿಲ್ಲ. ಕಣದ ಒಡೆಯ ಮಲ್ಲಿಕ್ ಅನ್ನುವ ಮುದುಕ ನಮ್ಮ ಹವಾಲ್ದಾರನ ಹತ್ತಿರ ಬಂದು ಹರಕು ಹಿಂದಿಯಲ್ಲಿ ಹೇಳಿದ: "ಅವರು ನಮಗೆ ವಾಪಸು ಕೊಟ್ಟಿದ್ದು ರಸ್ತೆ ಮಾತ್ರ ಸಾಹೇಬ್. ಊರು ಇನ್ನೂ ಅವರ ಕೈಯಲ್ಲೇ ಇದೆ."

ಆ ಮಾತು ಈಶನಿಗೆ ನಾಟಿತು. ಆರು ದಿನ ಅವನು ಮೊಣಕಾಲ ಮೇಲೆಯೇ ಇದ್ದ. ಕಬ್ಬಿಣದ ಕಡ್ಡಿಯನ್ನು ಓರೆಯಾಗಿ ಹಿಡಿದು, ನಾಲ್ಕು ಬೆರಳಿಗೆ ಒಂದು ಸಲ ನೆಲಕ್ಕೆ ಚುಚ್ಚಿ ನೋಡುವುದು. ತಾಗಿದರೆ ಕೈಯಿಂದ ಮಣ್ಣು ಬಿಡಿಸುವುದು. ಹಿಂದೆ ನಾನು, ನೋಡಿದ ಜಾಗಕ್ಕೆ ಬಿಳಿ ಪಟ್ಟಿ ಎಳೆಯುತ್ತ. ದಿನದ ಮೊದಲ ಮೈನು ಸಿಕ್ಕಾಗ ಅವನು 'ಒಂದು' ಅನ್ನುತ್ತಿರಲಿಲ್ಲ, ಭತ್ತ ಅಳೆಯುವವರು ಮೊದಲ ಕೊಳಗಕ್ಕೆ ಹೇಳುವ ಹಾಗೆ 'ಲಾಭ' ಅನ್ನುತ್ತಿದ್ದ. ಮಧುರೆ ಕಡೆಯ ನಮ್ಮ ಹವಾಲ್ದಾರ, ಅದು ಮೈನಿನ ಹೊಸ ಮಾಡೆಲ್ಲು ಅಂತ ಎರಡು ದಿನ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದ.

"ಇದನ್ನ ಹೂತೋನೂ ರೈತನ ಮಗನೇ ಕಣೋ" ಅಂದ ಒಂದು ದಿನ. "ಕೂರಿಗೆ ಸಾಲು ನೋಡು, ಒಂದು ಬೆರಳು ಸೊಟ್ಟ ಇಲ್ಲ."

ಹದಿನಾಲ್ಕನೇ ತಾರೀಕು ಕೊನೆಗೆ ಉಳಿದದ್ದು ಕಣ. ಅಂಚಿನಲ್ಲಿ ಕೂತು ಈಶ ಬೂಟು ಬಿಚ್ಚಿದ.

"ಹಾಕ್ಕೊಳೋ, ಹವಾಲ್ದಾರ ನೋಡಿದ್ರೆ ಚರ್ಮ ಸುಲೀತಾನೆ."

"ಇದು ಕಣ ಮಾರಾಯ. ಅನ್ನ ಬೀಳೋ ಜಾಗಕ್ಕೆ ಬೂಟು ಹಾಕ್ಕೊಂಡು ಇಳೀತಾರಾ ಯಾರಾದ್ರೂ? ಕಬ್ಬಿಣದ ಹೊಗೆ ಕುಡ್ದು ಬೆಳೆದೋನು ನೀನು, ನಿಂಗೇನು ಗೊತ್ತು."

ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ತೆಗೆದಿದ್ದ. ನಡುವೆ ಮೇಟಿ ಕಂಬ. ತೆನೆ ತುಳಿಯುವ ಎತ್ತುಗಳನ್ನು ಕಟ್ಟಿ ಸುತ್ತಿಸುತ್ತಾರಲ್ಲ, ಅದು. ಅವರಲ್ಲೂ ನಮ್ಮ ಹಾಗೇ ಇತ್ತು. ಅದರ ಬುಡದ ಒಂದು ಮೊಳ ಜಾಗ ಬಿಟ್ಟು ಈಶ ಎದ್ದು ನಿಂತ.

"ಬುಡ ನೋಡಿಲ್ಲ" ಅಂದೆ.

"ಮೇಟಿ ಬುಡಕ್ಕೆ ಕಬ್ಬಿಣ ಚುಚ್ಬಾರ್ದು. ನಮ್ಮಪ್ಪ ಗುದ್ದಲಿ ಕೂಡ ಕಣದಿಂದ ಆಚೆ ಇಡ್ತಿದ್ದ. ಇಷ್ಟು ಚೆನ್ನಾಗಿ ಸಾಲು ಹಿಡಿದೋನು ಮೇಟಿಗೆ ಕೈ ಹಾಕ್ತಾನಾ? ಅವನೂ ಅನ್ನ ತಿಂದೋನೇ ತಾನೆ?"

ಪ್ರತಿ ಅಂಗುಲ ನೋಡುವ ತನಕ ಹಸಿರು ಬಾವುಟ ಎತ್ತಬಾರದು ಅನ್ನುವುದು ನಿಯಮ. ಬಾವುಟ ನನ್ನ ಕೈಯಲ್ಲಿತ್ತು. 'ಇಲ್ಲ, ನೋಡು' ಅನ್ನುವುದು ನನ್ನ ಕೆಲಸ. ದಣಿದಿದ್ದೆ. ಆಚೆ ಚಹಾ ಕುದಿಯುವ ವಾಸನೆ ಬರುತ್ತಿತ್ತು. ನಾನು ಬಾವುಟ ಎತ್ತಿದೆ.

ಅಷ್ಟರಲ್ಲಿ ಮಲ್ಲಿಕ್ ಮುದುಕ ಬಂದ. ಹಿಂದೆ ಮೂವತ್ತು ಜನ, ಕಂಕುಳಲ್ಲಿ ಕೂಸುಗಳು. ತನ್ನ ಕಣಕ್ಕೆ ತಾನು ಮೊದಲು ಇಳಿಯುತ್ತೇನೆ ಅಂದ. ಈಶ ಅವನ ಎದೆಗೆ ಅಂಗೈ ಇಟ್ಟು ತಡೆದ. ನಾವು ತೆಗೆದ ನೆಲದ ಮೇಲೆ ಮೊದಲು ನಾವೇ ನಡೆದು ತೋರಿಸಬೇಕು, ಅದು ಸ್ಯಾಪರ್‌ನ ಮಾತು. ಬರಿಗಾಲಿನಲ್ಲಿ ಕಣದ ಸುತ್ತ ಮೂರು ಸುತ್ತು ಹಾಕಿದ. ಕೂಸುಗಳಿಗೆ ನಗು ಬರಲಿ ಅಂತ ಎತ್ತಿನ ಹಾಗೆ ತಲೆ ಆಡಿಸಿದ. ನಾಲ್ಕನೇ ಸುತ್ತಿಗೆ ಒಳಗೆ ಹೋಗಿ, ಮೇಟಿಯ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಬಗ್ಗಿದ.

ನನ್ನ ಬಲಗಿವಿ ಕೇಳಿದ ಕೊನೆಯ ಸದ್ದು ಅದು.

ಅವನು ತಡೆಯದಿದ್ದರೆ ಅಲ್ಲಿ ಮಲ್ಲಿಕ್ ಇರುತ್ತಿದ್ದ, ಆ ಕೂಸುಗಳಿರುತ್ತಿದ್ದವು. ಆ ಊರನ್ನು ಯಾರು ಬಿಡಿಸಿದರು ಅಂತ ಪುಸ್ತಕದಲ್ಲಿ ಏನು ಬರೆದಿದ್ದಾರೋ ನಾನು ಓದಿಲ್ಲ. ನಾನು ಕಂಡಂತೆ, ಎಂಟನೇ ತಾರೀಕು ರಸ್ತೆ ಬಿಡುಗಡೆಯಾಯಿತು. ಊರನ್ನು ಬಿಡಿಸಿದವನು ನಿನ್ನ ಅಪ್ಪ, ಮೊಣಕಾಲೂರಿ, ನಾಲ್ಕು ಬೆರಳು ನಾಲ್ಕು ಬೆರಳಾಗಿ. ಅವನಂಥ ಮನುಷ್ಯನನ್ನು ಆಮೇಲೆ ನಾನು ಕಂಡಿಲ್ಲ.

ಕಂಪನಿಯ ಕನ್ನಡ ಕಾಗದಗಳನ್ನು ಬರೆಯುತ್ತಿದ್ದವನು ನಾನು. ಮನೆಯವರು ತಲೆ ಎತ್ತಿ ಓಡಾಡುವ ಹಾಗೆ ಬರೆ ಅಂದ ಹವಾಲ್ದಾರ. ಗುಂಡು ಅಂತ ಬರೆದೆ, ಎದೆಗೆ ಅಂತ ಬರೆದೆ. ಹತ್ತು ಅಂದರೆ ಬಾಯಿಗೆ ಬಂದದ್ದು ಅನ್ನಿಸುತ್ತದೆ, ಹನ್ನೊಂದು ಅಂದರೆ ಎಣಿಸಿದ ಹಾಗಿರುತ್ತದೆ ಅಂತ ಹನ್ನೊಂದು ಬರೆದೆ. ಮನೆಯವರಿಗಾಗಿ ಬರೆದೆ ಅಂತ ಬಹಳ ವರ್ಷ ನಂಬಿದ್ದೆ. ನಿಜ ಬರೆದಿದ್ದರೆ ಬಾವುಟ ಎತ್ತಿದವನು ಯಾರು ಅಂತಲೂ ಬರೆಯಬೇಕಿತ್ತು. ಒಂಬತ್ತು ಕಿಲೋಮೀಟರ್ ನಾನು ಯಾಕೆ ಬರಲಿಲ್ಲ ಅನ್ನುವುದಕ್ಕೆ ಇದೇ ಉತ್ತರ.

ಸುಬ್ಬಪ್ಪ

*

ಗೋಪಾಳ
೨೮ ಸೆಪ್ಟೆಂಬರ್ ೨೦೨೫

ಸುಬ್ಬಪ್ಪನವರೇ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಅವ್ವನಿಗೆ ಹೇಗೆ ಹೇಳುವುದು ಅಂತ ತಿಳಿಯಲಿಲ್ಲ. ಮಹಾಲಯ ಅಮಾವಾಸ್ಯೆ ಕಳೆಯಲಿ ಅಂದುಕೊಂಡೆ. ಕಳೆಯುವ ಮೊದಲೇ ಹೇಳಬೇಕಾಯಿತು.

ಆ ದಿನ ಅಪ್ಪನ ಫೋಟೋದ ಮುಂದೆ ದೊಡ್ಡ ಎಲೆ ಹಾಕಿ ಎಡೆ ಇಡುತ್ತೇವೆ. ಅದಾದ ಮೇಲೆ ಅವ್ವ ಹಿಂಬಾಗಿಲ ಹತ್ತಿರ ಸಣ್ಣ ಸಣ್ಣ ಎ‌ಲೆ ಹಾಕಿ ಅಲ್ಲೂ ಬಡಿಸುತ್ತಾಳೆ. ನಾನು ಲಂಗ ಹಾಕುತ್ತಿದ್ದ ಕಾಲದಿಂದ ನೋಡಿದ್ದೇನೆ. ಹಿಂದಿನ ತಲೆಮಾರಿನವರಿಗೆ ಇರಬೇಕು ಅಂದುಕೊಂಡಿದ್ದೆ. ಒಮ್ಮೆ ಕೇಳಿದಾಗ "ಅವರೂ ಹಸ್ಕೊಂಡಿರ್ತಾರೆ" ಅಂದಿದ್ದಳು, ಅಷ್ಟೇ.

ಈ ಸಲ ಅವಳು ಎಲೆ ಹಾಕಿದಳು, ನಾನು ಪಲ್ಯ ಬಡಿಸುತ್ತ ಬಂದೆ. ಕೊನೆಯ ಎಲೆಗೆ ಬಂದಾಗ ಕೈ ನಿಂತಿತು. ತಿರುಗಿ ಎಣಿಸಿದೆ. ಹನ್ನೊಂದು.

"ಅವ್ವಾ, ಇವು ಯಾರಿಗೆ?"

"ನಿಮ್ಮಪ್ಪನ ಕೈಲಿ ಹೋದೋರಿಗೆ" ಅಂದಳು, ಉಪ್ಪು ಎಲ್ಲಿದೆ ಅಂತ ಹೇಳುವ ಹಾಗೆ. "ಅವರಿಗೂ ಹೆಂಡ್ತಿ ಮಕ್ಳು ಇದ್ರಲ್ವಾ. ಹೆಣ ಮನೆಗೆ ಹೋಯ್ತೋ ಇಲ್ವೋ. ಕೊಂದೋನ ಮನೇಲಾದ್ರೂ ಒಂದು ತುತ್ತು ಸಿಗ್ಲಿ ಅಂತ."

ಐವತ್ತಕ್ಕೂ ಹೆಚ್ಚು ವರ್ಷ, ಸುಬ್ಬಪ್ಪನವರೇ. ಕೂಲಿಗೆ ಹೋಗುತ್ತಿದ್ದ ದಿನಗಳಲ್ಲೂ, ಮನೆಯಲ್ಲಿ ಇಬ್ಬರಿಗೆ ಸಾಲದಷ್ಟು ಅಕ್ಕಿ ಇದ್ದಾಗಲೂ, ನಿಮ್ಮ ಪೆನ್ನಿನಲ್ಲಿ ಹುಟ್ಟಿದ ಹನ್ನೊಂದು ಜನಕ್ಕೆ ನನ್ನ ಅವ್ವ ಅಡುಗೆ ಮಾಡಿ ಬಡಿಸಿದ್ದಾಳೆ.

ಅಲ್ಲೇ, ಆ ಎಲೆಗಳ ಪಕ್ಕದಲ್ಲೇ ಕೂತು ನಿಮ್ಮ ಕಾಗದ ಓದಿ ಹೇಳಿದೆ. ಮುಗಿದ ಮೇಲೆ ಅವ್ವ ಎದ್ದು ಹನ್ನೊಂದು ಎಲೆಗಳನ್ನೂ ಒಂದೊಂದಾಗಿ ಎತ್ತಿಕೊಂಡು ಹೋಗಿ ಬೀದಿಯ ಹಸುಗಳಿಗೆ ಹಾಕಿ ಬಂದಳು. ಕೈ ತೊಳೆದು ಅಪ್ಪನ ಫೋಟೋದ ಮುಂದೆ ಕೂತಳು. ಇವತ್ತಿಗೆ ಏಳು ದಿನ. ಆ ವಿಷಯ ಎತ್ತಿಲ್ಲ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ನಿಮ್ಮ ಕಾಗದದಲ್ಲಿ ನನ್ನ ಅಪ್ಪ ಎತ್ತಿನ ಹಾಗೆ ತಲೆ ಆಡಿಸಿದ್ದನ್ನು ದಿನಕ್ಕೊಮ್ಮೆ ತೆಗೆದು ಓದುತ್ತೇನೆ ಅನ್ನುವುದೂ ನಿಜ. ಎರಡರಲ್ಲಿ ಒಂದನ್ನು ಬಿಡಲು ನನಗೆ ಆಗುತ್ತಿಲ್ಲ.

ನವೆಂಬರ್ ಎರಡಕ್ಕೆ ಊರಿನಲ್ಲಿ ಸಮಿತಿಯ ಸಭೆ. ಅಕ್ಷರ ಕೆತ್ತುವುದನ್ನು ಅಲ್ಲಿಯ ತನಕ ನಿಲ್ಲಿಸಲು ಹೇಳಿದ್ದೇನೆ. ಕಾರಣ ಹೇಳಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ.

ಶರಾವತಿ

*

ಜನ್ನಾಪುರ
೪ ಅಕ್ಟೋಬರ್ ೨೦೨೫

ಮಗಳೇ,

ನೀನು ಬೈದದ್ದು ಕಡಿಮೆಯಾಯಿತು.

ಕಾಗದವನ್ನು ಸಣ್ಣಮ್ಮನಿಗೆ ಓದಿ ಹೇಳಿದೆ. ಅವಳಿಗೂ ಇದುವರೆಗೆ ನಿಜ ಗೊತ್ತಿರಲಿಲ್ಲ. ಎರಡು ದಿನ ತಟ್ಟೆಗೆ ಬಡಿಸಿ ಎದ್ದು ಹೋದಳು. ಮೂರನೇ ದಿನ ನನ್ನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ ತಂದು, "ಸಭೆಗೆ ಇದನ್ನ ಹಾಕ್ಕೊಂಡು ಹೋಗಿ" ಅಂದಳು.

ಬರುತ್ತೇನೆ. ಎಲ್ಲರ ಮುಂದೆ ಹೇಳುತ್ತೇನೆ. ಬಾವುಟದ ಮಾತನ್ನೂ.

ಸುಬ್ಬಪ್ಪ

*

ಗೋಪಾಳ
೫ ನವೆಂಬರ್ ೨೦೨೫

ಸುಬ್ಬಪ್ಪ ಚಿಕ್ಕಪ್ಪನವರಿಗೆ,

ಹೇಳುವುದನ್ನು ಹೇಳಿ ಕೈ ಮುಗಿದು ನೀವು ಎದ್ದು ಹೋದಿರಿ. ಜನ ಏನಂದರು ಅನ್ನುವುದು ನಿಮಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ನಿಲ್ಲಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪರಮೇಶ್ ಶಾಲು ಸರಿಮಾಡಿಕೊಂಡು ಎದ್ದರು. "ಅಲ್ಲ, ನಂಗೆ ಒಂದು ಅರ್ಥ ಆಗ್ತಿಲ್ಲ. ಗುಂಡಿಗೆ ಎದೆ ಕೊಟ್ಟ ಅಂದ್ರೆ ಸ್ಮಾರಕ. ಕಂಬಕ್ಕೆ ಕೈ ಮುಗಿಯೋಕೆ ಹೋಗಿ ಸತ್ತ ಅಂತ ಕೆತ್ತಿಸಿದ್ರೆ ಪಕ್ಕದೂರಿನೋರು ನಗಲ್ವಾ? ಇಷ್ಟು ವರ್ಷ ನಡ್ಕೊಂಡು ಬಂದಿದೆ. ಹಂಗೇ ಇರ್ಲಿ ಬಿಡಿ."

ವಿಗ್ರಹ ಮಾಡುತ್ತಿರುವ ಯೋಗೇಶ್ ಕೂಡ ಅಲ್ಲಿದ್ದ. "ಸಾರ್, ಬೂಟು ಕೆತ್ತಿ ಆಗೋಗಿದೆ. ಲೇಸು ಸಮೇತ. ಕಲ್ಲು ಸಾರ್ ಅದು, ಬಿಚ್ಚೋಕೆ ಬರಲ್ಲ" ಅಂದ.

ಆಗ ಅವ್ವ ಎದ್ದಳು. ಒಂದೂವರೆ ತಿಂಗಳು ಬಾಯಿ ಬಿಡದವಳು.

"ಪರಮೇಶಾ, ಚಿಕ್ಕೋನಿದ್ದಾಗ ನಿಮ್ಮಪ್ಪನ ಕಣಕ್ಕೆ ಚಪ್ಪಲಿ ಮೆಟ್ಕೊಂಡು ಇಳಿದಿದ್ಯಲ್ಲ. ಏನಾಯ್ತು ಹೇಳು."

"ಅಮ್ಮಾ, ಅದ್ಯಾಕೆ ಈಗ?"

"ಹೇಳೋ."

"ಬಾರುಕೋಲಲ್ಲಿ ಬಿಟ್ರು."

ಸಭೆ ನಕ್ಕಿತು. ಅವ್ವ ನಗಲಿಲ್ಲ. "ಹಂಗಾದ್ರೆ ನನ್ ಗಂಡನ್ನ ಯಾಕೆ ಬೂಟು ಹಾಕಿ ನಿಲ್ಲಿಸ್ತೀಯಾ? ಅವನ್ಯಾಕೆ ಬಿಚ್ಚಿದ ಅಂತ ಈ ಊರಲ್ಲಿ ಒಬ್ರಿಗೆ ಹೇಳಿಕೊಡಬೇಕಾ? ನಗೋ ಪಕ್ಕದೂರಿನೋರು ಅನ್ನ ತಿನ್ನಲ್ವಾ?"

ಆಮೇಲೆ ದನಿ ಇಳಿಸಿ ಹೇಳಿದಳು: "ಮನೇಲಿ ಕೋಳಿ ಕುಯ್ಯೋವಾಗ ಆಚೆ ಹೋಗಿ ನಿಂತ್ಕೊಳ್ತಿದ್ದ ಮನುಷ್ಯ. ಹನ್ನೊಂದು ಜನನ್ನ ಕೊಂದ ಅಂತ ಕಾಗದ ಬಂತು. ಊರೆಲ್ಲ ಕುಣೀತು. ನಂಗೆ ಮಾತ್ರ ಗಂಡ ಎರಡು ಸಲ ಸತ್ತ. ನಾನು ಕಟ್ಕೊಂಡೋನು ಅಲ್ಲಿಗೆ ಹೋಗಿ ಬೇರೆ ಯಾರೋ ಆಗ್ಬಿಟ್ನಾ ಅಂತ. ಈಗ ಅವನೇ ಸಿಕ್ಕವ್ನೆ, ನಾನು ಕಟ್ಕೊಂಡೋನೇ. ಮತ್ತೆ ಕಿತ್ಕೋಬೇಡಿ."

ಪರಮೇಶ್ ಕೂತುಬಿಟ್ಟರು. ಯೋಗೇಶ್ ಎದ್ದು, ಸಭೆಯ ಮೂಲೆಯಲ್ಲೇ ನಿಲ್ಲಿಸಿದ್ದ ವಿಗ್ರಹದ ಸುತ್ತ ಎರಡು ಸಲ ತಿರುಗಿದ, ಕೆಳಗೆ ಕೂತು ಬೂಟಿನ ಮೇಲೆ ಬೆರಳಾಡಿಸಿದ. "ಬೂಟು ದಪ್ಪ ಇದೆ ಸಾರ್" ಅಂದ. "ಪಾದ ಒಳಗೇ ಇದೆಯಲ್ಲ. ಹದಿನೈದು ದಿನ ಕೊಡಿ, ಬಿಡಿಸ್ತೀನಿ. ಬಂದೂಕನ್ನೂ ಸಣ್ಣ ಮಾಡಿದ್ರೆ ಕಡ್ಡಿ ಆಗುತ್ತೆ."

ಕೆಳಗೆ ಕೆತ್ತುವ ಮಾತು ಬರೆದುಕೊಡು ಅಂತ ನನಗೆ ಹೇಳಿದರು. ಬರೆದುಕೊಟ್ಟದ್ದು ಇಷ್ಟು: "ಕೆಂಚನಕಟ್ಟೆ ಈಶ್ವರಪ್ಪ. ಕಾಶಿಡಾಂಗಾದ ಜನ ತಮ್ಮ ಕಣಕ್ಕೆ ಇಳಿಯುವ ಮೊದಲು ತಾನು ಇಳಿದು ನಡೆದವನು." ಪರಮೇಶ್ ಎರಡು ಸಲ ಓದಿ, "ಮುಂಚಿನದಕ್ಕಿಂತ ಇದೇ ಜೋರಾಗಿದೆ ಮೇಡಂ" ಅಂದರು.

ಇನ್ನು ಮುಂದಿನದು ಅವ್ವ ಹೇಳಿ ಬರೆಸುತ್ತಿರುವುದು. ಅವಳ ಮಾತಿನಲ್ಲೇ ಬರೆಯುತ್ತೇನೆ:

"ಆ ಸುಬ್ಬಪ್ಪಂಗೆ ಬರಿ. ಎದುರಿಗೆ ಸಿಕ್ಕಿದ್ರೆ ಬೈಬೇಕು ಅಂತಿದ್ದೆ. ಕಿವಿ ಕೇಳದೋನಿಗೆ ಬೈದು ಏನು ಪ್ರಯೋಜನ. ಬಾವುಟ ಎತ್ತಿದ್ದು ತಪ್ಪು. ಅವನು ಬುಡ ನೋಡ್ದೇ ಇದ್ದಿದ್ದೂ ತಪ್ಪೇ. ಅದು ಇಬ್ರದೂ. ಕಾಗದ ನಿಂದೊಬ್ಬಂದೇ. ಅದಕ್ಕೆ ಒಂದು ಕೇಳ್ತೀನಿ, ಅದನ್ನ ಹೇಳು. ಆ ಊರಿನೋರು ಆ ವರ್ಷ ಭತ್ತ ಒಕ್ಕಿದ್ರಾ? ಅದೇ ಕಣದಲ್ಲಿ? ಇಲ್ಲ, ಸಾವಾದ ಕಣ ಅಂತ ಹಾಳು ಬಿಟ್ರಾ? ನಮ್ಮಲ್ಲಾಗಿದ್ರೆ ಬಿಟ್ಬಿಡ್ತಿದ್ರು. ಬಿಟ್ಟಿದ್ರೆ ಬಿಟ್ರು ಅಂತಲೇ ಬರಿ. ನನ್ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಇನ್ನೊಂದು ಸಲ ಬರಿಬೇಡ."

ಇಷ್ಟೇ ಅಂದಳು. ಹೆಬ್ಬೆಟ್ಟು ಒತ್ತಲಾ ಅಂತ ಕೇಳಿದಳು. ಬೇಡ ಅಂದೆ, ಆದರೂ ಒತ್ತಿದ್ದಾಳೆ.

ನಿಮ್ಮ,
ಶರಾವತಿ

*

ಜನ್ನಾಪುರ
೧೮ ನವೆಂಬರ್ ೨೦೨೫

ಅತ್ತಿಗೆಮ್ಮ ದ್ಯಾಮಮ್ಮನವರಿಗೆ ಸುಬ್ಬಪ್ಪನ ಸಾಷ್ಟಾಂಗ ನಮಸ್ಕಾರ. ಶರಾವತಿ ಓದಿ ಹೇಳಬೇಕು.

ಒಕ್ಕಿದರು, ಅತ್ತಿಗೆ. ಅದೇ ಕಣದಲ್ಲಿ.

ಸುಲಭವಾಗಿ ಅಲ್ಲ. ಅಲ್ಲಿಯೂ ನಮ್ಮ ಹಾಗೆಯೇ. ಊರಿನ ನಾಲ್ಕು ಹಿರಿಯರು, ಈ ಕಣ ಇನ್ನು ಬೇಡ, ಬೇರೆ ಕಡೆ ಹೊಸದಾಗಿ ಮಾಡೋಣ ಅಂದರಂತೆ. ಮಲ್ಲಿಕ್ ಮುದುಕ ಒಪ್ಪಲಿಲ್ಲ. ಅವನು ಅವರಿಗೆ ಏನು ಹೇಳಿದ ಅನ್ನುವುದು ನನಗೆ ಗೊತ್ತಿಲ್ಲ. ಕೈ ಮಾಡಿ ಮಾಡಿ ಮಾತಾಡುತ್ತಿದ್ದದ್ದು ಕಂಡೆ. ನನ್ನ ಬಲಗಿವಿ ಹೋಗಿತ್ತು, ಎಡಗಿವಿಯಲ್ಲಿ ಒಂದು ತಿಂಗಳು ಜೇನುಗೂಡು ಕಟ್ಟಿದ ಹಾಗೆ ಇತ್ತು.

ಇಡೀ ಕಣವನ್ನು ನಾನು ಇನ್ನೊಂದು ಸಲ ಕಡ್ಡಿ ಹಿಡಿದು ನೋಡಿದೆ. ಎರಡು ದಿನ ಹಿಡಿಯಿತು. ಏನೂ ಸಿಗಲಿಲ್ಲ. ಈಶ ನೋಡಿದ ಜಾಗದಲ್ಲಿ ಒಂದನ್ನೂ ಉಳಿಸಿರಲಿಲ್ಲ. ಆಮೇಲೆ ನಾನು ಮೊದಲು ನಡೆದೆ.

ಒಂಬತ್ತನೇ ದಿನ ಮಲ್ಲಿಕ್ ಹೊಸ ಮೇಟಿ ನೆಟ್ಟ. ಗದ್ದೆಯಿಂದ ಹೊರೆ ಬಂದವು. ಆದರೆ ಊರಿನಲ್ಲಿ ಒಂದು ಜೊತೆ ಎತ್ತೂ ಉಳಿದಿರಲಿಲ್ಲ. ಯುದ್ಧದಲ್ಲಿ ಕೆಲವು ಸತ್ತಿದ್ದವು, ಕೆಲವನ್ನು ಹೊಡೆದುಕೊಂಡು ಹೋಗಿದ್ದರು. ಮನುಷ್ಯರೇ ತುಳಿಯಬೇಕು. ಗಂಡಸರೂ ಅರ್ಧಕ್ಕರ್ಧ ಇರಲಿಲ್ಲ. ಹೆಂಗಸರು, ಮುದುಕರು ಇಳಿದರು.

ನಾವು ಆ ದಿನ ಮುಂದಿನ ಊರಿಗೆ ಹೊರಡಬೇಕಿತ್ತು. ಲಾರಿ ಹತ್ತಿ ಕೂತಿದ್ದೆವು. ಹವಾಲ್ದಾರ ಇಳಿದು ಕಣದ ಕಡೆ ನೋಡುತ್ತ ನಿಂತ. ಯಾರಿಗೂ ಆರ್ಡರ್ ಕೊಡಲಿಲ್ಲ. ಅಂಚಿನಲ್ಲಿ ಕೂತು ಬೂಟು ಬಿಚ್ಚಿದ, ಪ್ಯಾಂಟು ಮಡಚಿದ, ಹೋಗಿ ಮೇಟಿಯ ಹತ್ತಿರ ಹಗ್ಗ ಹಿಡಿದ. ನಾವು ಹದಿನಾರು ಜನ ಲಾರಿಯಿಂದ ಇಳಿದೆವು. ಕಾರ್ಖಾನೆಯಲ್ಲಿ ಬೆಳೆದ ನಾನು ಕಣ ತುಳಿದದ್ದು ಅದೊಂದೇ ಸಲ. ಹುಲ್ಲು ಅಂಗಾಲನ್ನು ಕೊಯ್ಯುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಸಂಜೆಯ ತನಕ ಸುತ್ತಿದೆವು.

ಆ ಊರಿನಲ್ಲಿ ಆಮೇಲೆ ಯಾರೂ ಹಸಿದಿರಲಿಲ್ಲ ಅಂತ ನಾನು ಹೇಳಲಾರೆ. ಮಾರನೇ ದಿನ ಹೊರಟುಬಿಟ್ಟೆವು. ಕಣದ ಅಂಚಿಗೆ ಅವರು ಮೊಣಕಾಲೆತ್ತರದ ಒಂದು ಮಣ್ಣಿನ ಕಟ್ಟೆ ಕಟ್ಟಿ ಸಾರಿಸಿದ್ದರು. ತೂರಿದ ಭತ್ತದಲ್ಲಿ ಮೊದಲ ಮೊರವನ್ನು ಅದರ ಮೇಲೆ ಸುರಿದರು. ಹೆಸರು ಬರೆಯಲಿಲ್ಲ. ಅದು ಈಗ ಇದೆಯೋ, ಮಳೆಗೆ ಕರಗಿತೋ, ನನಗೆ ತಿಳಿಯದು. ಭತ್ತದ ರಾಶಿ ನನ್ನ ಎದೆಮಟ್ಟ ಇತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ತುಳಿಯುತ್ತ ಆ ಹೆಂಗಸರು ಹಾಡುತ್ತಿದ್ದರು. ನನ್ನ ಪಕ್ಕದಲ್ಲಿದ್ದವಳು ಹಾಡುತ್ತ ಅಳುತ್ತಿದ್ದಳು. ಬಾಯಿ ಆಡುವುದು ಕಾಣುತ್ತಿತ್ತು. ಏನು ಹಾಡಿದರು ಅಂತ ಮಾತ್ರ ಕೇಳಬೇಡಿ, ಅತ್ತಿಗೆ. ನನಗೆ ಕೇಳಿಸಲಿಲ್ಲ.

ನಿಮ್ಮ ಮೈದುನ,
ಸುಬ್ಬಪ್ಪ